ಹಳೇ ಗೇರ್ ಸೈಕಲ್ಲಿನ ಚೈನು, ಗೇರ್ ರಿಪೇರಿ: ಸ್ಕ್ರೂ ಮುಟ್ಟುವ ಮೊದಲು ನೋಡಬೇಕಾದದ್ದು

ಗೇರ್ ಸರಿಯಾಗಿ ಬೀಳುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಹಿಂದಿನ ಡಿರೈಲರಿನ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮೇಲಿರುವ ಎರಡು ಪುಟ್ಟ ಸ್ಕ್ರೂಗಳ ಕಡೆಗೆ. ಕಣ್ಣಿಗೆ ಮೊದಲು ಬೀಳುವುದು ಅವೇ. ಸ್ಕ್ರೂಡ್ರೈವರ್ ಕೂಡ ಎಲ್ಲರ ಮನೆಯಲ್ಲೂ ಇರುತ್ತೆ. ಆದರೆ ಆ ಸ್ಕ್ರೂಗಳು ತಾವಾಗೇ ತಿರುಗುವುದು ತೀರಾ ಅಪರೂಪ. ಮೊದಲು ಚೆನ್ನಾಗಿದ್ದ ಗೇರ್ ಈಗ ಕೆಟ್ಟಿದೆ ಅಂದರೆ ಬೇರೆ ಏನೋ ಆಗಿದೆ. ಚೈನು ಸವೆದಿರಬಹುದು, ವೈರು ತುಕ್ಕು ಹಿಡಿದಿರಬಹುದು, ಡಿರೈಲರನ್ನು ಹಿಡಿದಿರುವ ಹ್ಯಾಂಗರ್ ಬಗ್ಗಿರಬಹುದು. ಅದನ್ನು ಹುಡುಕದೆ ಸುಮ್ನೆ ಸ್ಕ್ರೂ ತಿರುಗಿಸಿದರೆ ಒಂದು ಗೇರ್ ಸರಿಹೋಗಿ ಇನ್ನೆರಡು ಕೆಡುತ್ತವೆ. ಭಾವನ ಸೈಕಲ್ ರಿಪೇರಿ ಮಾಡುವಾಗ ಈ ಎಲ್ಲಾ ತೊಂದರೆಗಳೂ ಒಂದೇ ಸೈಕಲ್ಲಿನಲ್ಲಿ ಸಿಕ್ಕವು. ಹಾಗಾಗಿ ಏನು ನೋಡಿದೆ, ಏನು ಮಾಡಿದೆ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಇದು 18 ಗೇರಿನ ಸೈಕಲ್. 26 ಇಂಚಿನ ಚಕ್ರ, ಉಕ್ಕಿನ ಫ್ರೇಮು. ಮುಂದೆ 48, 38, 28 ಹಲ್ಲಿನ ಮೂರು ಚೈನ್‌ವೀಲ್. ಹಿಂದೆ 14ರಿಂದ 28 ಹಲ್ಲಿನವರೆಗೆ ಆರು ಪ್ಲೇಟಿನ ಫ್ರೀವೀಲ್, ಅಂದರೆ ಹಿಂದಿನ ಚಕ್ರದ ಗೇರ್ ಪ್ಲೇಟುಗಳ ಗೊಂಚಲು. ಶಿಮಾನೋ ಕಂಪನಿಯ ಟೂರ್ನಿ ಡಿರೈಲರ್, ಹ್ಯಾಂಡಲ್ ಹಿಡಿಕೆಯಲ್ಲೇ ತಿರುಗಿಸುವ ಗೇರು. ಅಕ್ಕನ ಮಗ ಹೈಸ್ಕೂಲಿಗೆ ಹೋಗುವಾಗ ತೆಗೆದದ್ದು. ಆಮೇಲೆ ಮೈಸೂರಿನ ಮನೆಯ ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಈಗ ಬೆಳಿಗ್ಗೆ ಹೊತ್ತು ಓಡಿಸಬೇಕು ಅಂತ ಭಾವ ಹೊರಗೆ ತೆಗೆದು, ಒಂದು ಅಂಗಡಿಯಲ್ಲಿ ಸರ್ವಿಸ್ ಕೂಡ ಮಾಡಿಸಿದ್ದರು.

"ಗೇರ್ ತಾನಾಗೇ ಬದಲಾಗುತ್ತೆ ಕಣೋ," ಅಂದರು. "ಏರಿನಲ್ಲಿ ಜೋರಾಗಿ ತುಳಿದರೆ ಕಟಕ್ ಅಂತ ಜಾರುತ್ತೆ. ಒಂದೊಂದು ಸಲ ಚೈನು ಒಳಗಡೆ ಕಳಚಿಕೊಳ್ಳುತ್ತೆ. ಜೊತೆಗೆ ಟಿಕ್ ಟಿಕ್ ಅಂತ ಸದ್ದು ಬೇರೆ."

"ಸದ್ದು ಪೆಡಲಿನ ಪ್ರತಿ ಸುತ್ತಿಗೂ ಬರುತ್ತಾ ಭಾವ, ಇಲ್ಲಾ ಅಪರೂಪಕ್ಕೊಮ್ಮೆನಾ?"

"ಅಷ್ಟೆಲ್ಲ ಯಾರು ಲೆಕ್ಕ ಇಡ್ತಾರೆ? ನೀನೇ ನೋಡು."

ಸೀಟಿಗೆ ಹಗ್ಗ ಕಟ್ಟಿ ಪೋರ್ಟಿಕೋದ ಕೊಕ್ಕೆಗೆ ತೂಗುಹಾಕಿದೆ. ಹಿಂದಿನ ಚಕ್ರ ನೆಲ ಬಿಟ್ಟು ಒಂದು ಗೇಣು ಮೇಲಿದ್ದರೆ ಸಾಕು. ತಲೆಕೆಳಗು ಮಾಡಿ ನಿಲ್ಲಿಸಿದರೂ ಕೆಲಸ ಆಗುತ್ತೆ. ಆದರೆ ಆಗ ಹಿಡಿಕೆಯ ಗೇರು ನೆಲಕ್ಕೆ ತಾಗುತ್ತೆ, ಡಿರೈಲರನ್ನು ಉಲ್ಟಾ ನೋಡಬೇಕಾಗುತ್ತೆ.

ಸದ್ದನ್ನು ಮೊದಲು ಲೆಕ್ಕ ಹಾಕಬೇಕು. ಅರ್ಧ ರೋಗ ಅದರಲ್ಲೇ ಗೊತ್ತಾಗುತ್ತೆ. ಪೆಡಲಿನ ಒಂದು ಸುತ್ತಿಗೆ ಒಂದು ಸಲ ಬಂದರೆ ತೊಂದರೆ ಕ್ರ್ಯಾಂಕಿನಲ್ಲಿ, ಪೆಡಲಿನಲ್ಲಿ ಅಥವಾ ಚೈನ್‌ವೀಲಿನಲ್ಲಿ. ಹಿಂದಿನ ಚಕ್ರದ ಒಂದು ಸುತ್ತಿಗೆ ಒಂದು ಸಲ ಬಂದರೆ ಫ್ರೀವೀಲ್ ಅಥವಾ ಚಕ್ರ. ಎರಡೂ ಅಲ್ಲ, ಪೆಡಲಿನ ಸುಮಾರು ಮೂರು ಸುತ್ತಿಗೆ ಒಂದು ಸಲ ಬಂದರೆ ಚೈನಿನ ಯಾವುದೋ ಒಂದು ಕೊಂಡಿ. ಈ ಚೈನಿನಲ್ಲಿ 108 ಕೊಂಡಿ ಇದ್ದವು. 38 ಹಲ್ಲಿನ ಚೈನ್‌ವೀಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ 38 ಕೊಂಡಿ ಮುಂದೆ ಹೋಗುತ್ತವೆ. ಅಂದರೆ ಅದೇ ಕೊಂಡಿ ಅದೇ ಜಾಗಕ್ಕೆ ವಾಪಸ್ ಬರಲು ಮೂರು ಸುತ್ತಿಗಿಂತ ಚೂರು ಕಡಿಮೆ ಬೇಕು. ಭಾವನ ಸೈಕಲ್ಲಿನ ಟಿಕ್ ಸದ್ದು ಸರಿಯಾಗಿ ಅಷ್ಟಕ್ಕೇ ಬರುತ್ತಿತ್ತು.

ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ ಡಿರೈಲರಿನ ಎರಡು ಪುಟ್ಟ ಪಲ್ಲಿಗಳ (ಚೈನು ಹಾದುಹೋಗುವ ಹಲ್ಲಿನ ಗಾಲಿಗಳು) ಹತ್ತಿರ ಕಣ್ಣಿಟ್ಟೆ. ಒಂದು ಕೊಂಡಿ ಬಂದಾಗ ಡಿರೈಲರಿನ ತಗಡು ಸಣ್ಣಗೆ ಪಕ್ಕಕ್ಕೆ ಸರಿಯಿತು. ಒರೆಸಿ ನೋಡಿದರೆ ಅಲ್ಲಿ ಮೀನಿನಾಕಾರದ ಕ್ಲಿಪ್ ಇರುವ ಚೈನ್ ಲಾಕ್. ಗೇರ್ ಇಲ್ಲದ ಮಾಮೂಲಿ ಸೈಕಲ್ಲಿಗೆ ಹಾಕುವಂಥದ್ದು. ಮಾಮೂಲಿ ಸೈಕಲ್ಲಿನ ಚೈನು ಒಳಗಡೆ 1/8 ಇಂಚು ಅಗಲ. ಗೇರ್ ಸೈಕಲ್ಲಿನದು 3/32 ಇಂಚು. ಕೇಳಲು ಸಣ್ಣ ವ್ಯತ್ಯಾಸ, ಮುಕ್ಕಾಲು ಮಿ.ಮೀ. ಸುತ್ತಮುತ್ತ. ಆದರೆ ಕ್ಲಿಪ್ಪಿನ ದಪ್ಪವೂ ಸೇರಿ ಹೊರ ಅಗಲ ಸುಮಾರು ಎರಡು ಮಿ.ಮೀ. ಜಾಸ್ತಿಯಾಗುತ್ತೆ. ಆ ಲಾಕ್ ಪ್ರತಿ ಸಲ ಹಾದುಹೋಗುವಾಗ ತಗಡಿಗೆ ಉಜ್ಜುತ್ತಿತ್ತು. ಸಣ್ಣ ಪ್ಲೇಟಿನಲ್ಲಿದ್ದಾಗ ಪಕ್ಕದ ದೊಡ್ಡ ಪ್ಲೇಟಿಗೂ ತಾಗುತ್ತಿತ್ತು. ಯಾವಾಗಲೋ ಚೈನು ತುಂಡಾದಾಗ ಯಾರೋ ಕೈಗೆ ಸಿಕ್ಕಿದ ಲಾಕ್ ಹಾಕಿ ಸೇರಿಸಿದ್ದಾರೆ ಅನ್ನುವುದು ಸ್ಪಷ್ಟ.

ಲಾಕ್ ಬದಲಿಸಿದರೆ ಸಾಕಾಗುತ್ತಿತ್ತೋ ಏನೋ, ಆದರೆ ಮೊದಲು ಚೈನನ್ನೇ ಅಳೆದೆ. ಚೈನ್ ಅಳೆಯಲು ವಿಶೇಷ ಉಪಕರಣ ಬೇಕಿಲ್ಲ, ಒಂದು ಗಟ್ಟಿ ಸ್ಟೀಲ್ ಸ್ಕೇಲ್ ಸಾಕು. ಪ್ರತಿ ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹಾಗಾಗಿ 24 ಕೊಂಡಿ ಅಂದರೆ ಸರಿಯಾಗಿ 12 ಇಂಚು ಇರಬೇಕು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು, ಚೈನನ್ನು ಬಿಗಿಯಾಗಿ ಹಿಡಿದು, 12 ಇಂಚಿನ ಹತ್ತಿರ ನೋಡಬೇಕು. 24ನೇ ಪಿನ್ನು 1/16 ಇಂಚು ಮುಂದೆ ಹೋಗಿದ್ದರೆ ಚೈನು ಬದಲಾಯಿಸುವ ಕಾಲ ಬಂತು. 1/8 ಇಂಚು ಹೋಗಿದ್ದರೆ ಕಾಲ ಮೀರಿತು, ಅಷ್ಟರಲ್ಲಿ ಫ್ರೀವೀಲೂ ಹಾಳಾಗಿರುತ್ತೆ. ಇಲ್ಲಿ 1/8ಕ್ಕೆ ಕೂದಲೆಳೆಯಷ್ಟೇ ಬಾಕಿ.

ಚೈನು "ಎಳೆದುಕೊಂಡಿದೆ" ಅಂತ ನಾವು ಹೇಳುತ್ತೇವೆ. ನಿಜವಾಗಿ ಕಬ್ಬಿಣ ಎಳೆಯುವುದಿಲ್ಲ. ಪ್ರತಿ ಪಿನ್ನು ಮತ್ತು ಅದು ಕೂರುವ ತೂತು ಸವೆದು, ಆ ಸಣ್ಣ ಸಡಿಲವೆಲ್ಲ ಸೇರಿ ಉದ್ದ ಕಾಣುತ್ತೆ. ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ಸ್ವಲ್ಪ ಮೇಲೆ ಕೂರುತ್ತೆ. ಆ ಹಲ್ಲನ್ನೂ ತನ್ನ ಅಳತೆಗೇ ಸವೆಸುತ್ತೆ. ಹಳೇ ಚೈನು, ಹಳೇ ಫ್ರೀವೀಲ್ ಎರಡೂ ಹೀಗೆ ಒಂದಕ್ಕೊಂದು ಹೊಂದಿಕೊಂಡು ಬಹಳ ಕಾಲ ಓಡಿಬಿಡುತ್ತವೆ. ಒಂದನ್ನು ಮಾತ್ರ ಹೊಸದು ಹಾಕಿದರೆ ಜಾರುವುದು ಜಾಸ್ತಿಯಾಗುತ್ತೆ. ಹೊಸ ಚೈನು ಹಾಕಿದ ಮೇಲೆ ಇನ್ನೂ ಕೆಟ್ಟಿತು ಅಂತ ಜನ ಬೇಸರ ಮಾಡಿಕೊಳ್ಳುವುದು ಇದೇ ಕಾರಣಕ್ಕೆ.

ಫ್ರೀವೀಲನ್ನು ಹಳೇ ಟೂತ್‌ಬ್ರಷ್ ಮತ್ತು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. 14, 21, 24, 28ರ ಹಲ್ಲುಗಳು ಪರವಾಗಿಲ್ಲ. 16 ಮತ್ತು 18ರ ಹಲ್ಲುಗಳು ಮಾತ್ರ ಗರಗಸದ ಹಲ್ಲಿನ ಹಾಗೆ ಒಂದೇ ಕಡೆಗೆ ವಾಲಿದ್ದವು. ಹುಡುಗ ಶಾಲೆಗೆ ಹೋಗುವಾಗ ಹೆಚ್ಚಾಗಿ ಓಡಿಸಿದ್ದು ಆ ಎರಡರಲ್ಲೇ. ಭಾವ ಹೇಳಿದ ಕಟಕ್ ಕೂಡ ಅದೇ ಎರಡು ಗೇರಿನಲ್ಲಿ. ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಎಲ್ಲಾ ಗೇರಿನಲ್ಲೂ ಒಂದೇ ಥರ ಪೆಡಲ್ ಕುಸಿದರೆ ಅದು ಹಲ್ಲಿನ ತೊಂದರೆಯಲ್ಲ. ಫ್ರೀವೀಲಿನ ಒಳಗಿನ ಕುದುರೆಗಳು (ಮುಂದಕ್ಕೆ ತುಳಿದಾಗ ಮಾತ್ರ ಕಚ್ಚುವ ಪುಟ್ಟ ಕೊಕ್ಕೆಗಳು) ಹಿಡಿಯುತ್ತಿಲ್ಲ ಅಂತ ಅರ್ಥ. ಒಂದೆರಡು ಗೇರಿನಲ್ಲಿ ಮಾತ್ರ ಜಾರಿದರೆ ಹಲ್ಲು ಸವೆದಿದೆ ಅಂತ ಅರ್ಥ.

ಹಾಗಾಗಿ ಚೈನು, ಫ್ರೀವೀಲ್ ಎರಡೂ ಹೊಸದು ಬೇಕಾಯಿತು. ಆರು, ಏಳು, ಎಂಟು ಸ್ಪೀಡಿಗೆಲ್ಲ ಒಂದೇ 3/32ರ ಚೈನು ಆಗುತ್ತೆ. ಅಂಗಡಿಯಲ್ಲಿ "ಗೇರ್ ಸೈಕಲ್ ಚೈನ್" ಅಂತ ಮಾತ್ರ ಕೇಳಿದರೆ ಸಾಲದು, ಎಷ್ಟು ಸ್ಪೀಡಿನದು ಅಂತ ಡಬ್ಬದ ಮೇಲೆ ಓದಿ ತರಬೇಕು. ಒಂಬತ್ತು, ಹತ್ತು ಸ್ಪೀಡಿನವು ಹೊರಗಡೆ ಇನ್ನೂ ತೆಳ್ಳಗಿರುತ್ತವೆ, ಬೆಲೆಯೂ ಜಾಸ್ತಿ.

ಹಳೇ ಫ್ರೀವೀಲ್ ಬಿಚ್ಚುವುದು ಬಲ ಬೇಡುವ ಕೆಲಸ. ಪ್ರತಿ ಸಲ ಪೆಡಲ್ ತುಳಿದಾಗಲೂ ಅದು ಹಬ್ಬಿನ ಮೇಲೆ ಇನ್ನಷ್ಟು ಬಿಗಿಯಾಗುತ್ತಾ ಹೋಗಿರುತ್ತೆ. ಶಿಮಾನೋ ಮಾದರಿಯ ಫ್ರೀವೀಲಿಗೆ 12 ಹಲ್ಲುಗಳ ಒಂದು ಪುಟ್ಟ ರಿಮೂವರ್ ಬರುತ್ತೆ. ಆಕ್ಸೆಲ್ ನಟ್ ತೆಗೆದು, ರಿಮೂವರನ್ನು ಒಳಗೆ ಕೂರಿಸಿ, ಜಾರದ ಹಾಗೆ ಅದೇ ನಟ್ಟನ್ನು ಮೇಲಿಂದ ಸಡಿಲವಾಗಿ ಹಾಕಿದೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯ ಬೆಂಚ್ ವೈಸಿನಲ್ಲಿ ರಿಮೂವರನ್ನು ಕಚ್ಚಿಸಿ, ಚಕ್ರವನ್ನು ಮಲಗಿಸಿ ಎರಡೂ ಕೈಯಲ್ಲಿ ಎಡಕ್ಕೆ ತಿರುಗಿಸಿದಾಗ ಟಪ್ ಅಂತ ಬಿಟ್ಟಿತು. ಸ್ಪ್ಯಾನರಿನಲ್ಲಿ ಬಿಚ್ಚಲು ಹೋದರೆ ಸ್ಪ್ಯಾನರ್ ಜಾರಿ ಬೆರಳು ಕಿತ್ತುಕೊಂಡು ಬರುತ್ತೆ. ವೈಸ್ ಇರುವ ಕಡೆಗೇ ಚಕ್ರ ಒಯ್ಯುವುದು ಒಳ್ಳೆಯದು. ಹೊಸ ಫ್ರೀವೀಲ್ ಹಾಕುವಾಗ ಹಬ್ಬಿನ ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್ ಸವರಿದೆ. ಮುಂದೆ ಬಿಚ್ಚುವವರಿಗೆ ಅಷ್ಟು ಕಷ್ಟ ಆಗಬಾರದು.

ಹಳೇ ಚೈನು ತೆಗೆದು ಬದಿಗಿಟ್ಟ ಮೇಲೆ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಡಿರೈಲರಿನ ಎರಡು ಪಲ್ಲಿಗಳು ಫ್ರೀವೀಲಿನ ಪ್ಲೇಟಿನ ನೇರಕ್ಕೆ, ಒಂದರ ಕೆಳಗೊಂದು ನಿಲ್ಲಬೇಕು. ಇಲ್ಲಿ ಕೆಳಗಿನ ಪಲ್ಲಿ ಚಕ್ರದ ಕಡೆಗೆ ವಾಲಿತ್ತು. ಸೈಕಲ್ ಬಲಕ್ಕೆ ಬಿದ್ದಾಗ ಆಗುವುದೇ ಇದು. ಏಟು ಡಿರೈಲರಿಗೆ ಬಿದ್ದಂತೆ ಕಂಡರೂ ಬಗ್ಗುವುದು ಅದನ್ನು ಹಿಡಿದಿರುವ ಹ್ಯಾಂಗರ್.

ಕೆಲವು ಸೈಕಲ್ಲುಗಳಲ್ಲಿ ಹ್ಯಾಂಗರ್ ಬೇರೆ ತಗಡಾಗಿ ಆಕ್ಸೆಲ್ ನಟ್ಟಿನ ಕೆಳಗೆ ಇರುತ್ತೆ. ಇದರಲ್ಲಿ ಫ್ರೇಮಿಗೇ ಸೇರಿದ ಉಕ್ಕಿನ ಹ್ಯಾಂಗರ್. ಉಕ್ಕಾದ್ದರಿಂದ ನಿಧಾನವಾಗಿ ಬಗ್ಗಿಸಿ ನೇರ ಮಾಡಬಹುದು. ಅಲ್ಯೂಮಿನಿಯಂ ಆಗಿದ್ದರೆ ಮುರಿಯುವ ಭಯ ಇದ್ದೇ ಇದೆ, ಅಲ್ಲಿ ಹೊಸ ಹ್ಯಾಂಗರ್ ಹಾಕುವುದೇ ಕ್ಷೇಮ.

ನೇರ ಇದೆಯೋ ಇಲ್ಲವೋ ಅಂತ ಅಳೆಯಲು ಒಂದು ಉಪಾಯ ಇದೆ, ನನಗೆ ಬಹಳ ಇಷ್ಟದ್ದು. ಡಿರೈಲರ್ ಕೂರುವ ತೂತಿನ ಥ್ರೆಡ್ 10 ಮಿ.ಮೀ. ದಪ್ಪ, 1 ಮಿ.ಮೀ. ಅಂತರದ್ದು. ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಲಿವರಿನಲ್ಲೇ ಬಿಚ್ಚುವಂಥದ್ದು) ಇರುವ ಹೆಚ್ಚಿನ ಹಿಂದಿನ ಚಕ್ರಗಳ ಆಕ್ಸೆಲಿನದೂ ಅದೇ ಥ್ರೆಡ್. ಪಕ್ಕದ ಮನೆ ಹುಡುಗನ ಸೈಕಲ್ಲಿನ ಚಕ್ರ ಎರವಲು ತಂದೆ. ಡಿರೈಲರ್ ಬಿಚ್ಚಿ, ಆ ತೂತಿಗೆ ಚಕ್ರದ ಆಕ್ಸೆಲನ್ನೇ ತಿರುಗಿಸಿ ಕೂರಿಸಿದೆ. ಈಗ ಭಾವನ ಚಕ್ರದ ಪಕ್ಕದಲ್ಲಿ ಇನ್ನೊಂದು ಚಕ್ರ. ಹ್ಯಾಂಗರ್ ನೇರ ಇದ್ದರೆ ಎರಡೂ ರಿಮ್ಮಿನ ನಡುವಿನ ಜಾಗ ಮೇಲೆ, ಕೆಳಗೆ, ಮುಂದೆ, ಹಿಂದೆ ಎಲ್ಲಾ ಕಡೆ ಒಂದೇ ಇರಬೇಕು. ಇಲ್ಲಿ ಮೇಲಕ್ಕೂ ಕೆಳಕ್ಕೂ ಎರಡು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ. ಹ್ಯಾಂಗರಿನಲ್ಲಿ ಕಣ್ಣಿಗೇ ಕಾಣದಷ್ಟು ಸಣ್ಣ ಬಾಗು ರಿಮ್ಮಿನ ಹತ್ತಿರ ಬರುವಷ್ಟರಲ್ಲಿ ಇಷ್ಟು ದೊಡ್ಡದಾಗಿ ಕಾಣುತ್ತೆ, ಇದೇ ಇದರ ಅನುಕೂಲ. ಎರವಲು ಚಕ್ರವನ್ನು ತೆಗೆದು, ಅಡ್ಜಸ್ಟಬಲ್ ಸ್ಪ್ಯಾನರನ್ನು ಹ್ಯಾಂಗರಿಗೆ ಬಿಗಿಯಾಗಿ ಕಚ್ಚಿಸಿ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಒತ್ತಿದೆ. ಮತ್ತೆ ಚಕ್ರ ಹಾಕಿ ಅಳೆದೆ. ಹೀಗೆ ಮಾಡುತ್ತಾ ವ್ಯತ್ಯಾಸ ನಾಲ್ಕು ಮಿ.ಮೀ. ಒಳಗೆ ಬಂದಾಗ ನಿಲ್ಲಿಸಿದೆ. ಇದನ್ನು ಮಾಡುವಾಗ ಸೈಕಲ್ಲಿನ ಹಿಂದಿನ ಚಕ್ರ ಫ್ರೇಮಿನಲ್ಲಿ ಬಿಗಿಯಾಗಿ ಇರಲೇಬೇಕು, ಇಲ್ಲದಿದ್ದರೆ ಹ್ಯಾಂಗರ್ ಬದಲು ಫ್ರೇಮಿನ ಕೊನೆಯೇ ಬಗ್ಗುತ್ತೆ.

ಸ್ಕ್ರೂಗಳ ಕಥೆಯೂ ಇಲ್ಲಿಯೇ ಬಯಲಾಯಿತು. ಹ್ಯಾಂಗರ್ ಒಳಕ್ಕೆ ಬಗ್ಗಿದ್ದರಿಂದ 28ರ ಪ್ಲೇಟಿಗೆ ಹೋದಾಗ ಡಿರೈಲರ್ ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು. ಅದನ್ನು ತಡೆಯಲು ಯಾರೋ ಎಲ್ ಸ್ಕ್ರೂವನ್ನು (ಡಿರೈಲರ್ ಚಕ್ರದ ಕಡೆಗೆ ಎಷ್ಟು ಸರಿಯಬಹುದು ಅಂತ ಗಡಿ ಹಾಕುವುದು) ಪೂರ್ತಿ ಒಳಗೆ ತಿರುಗಿಸಿದ್ದರು. ಕಡ್ಡಿಗೆ ತಾಗುವುದೇನೋ ನಿಂತಿತು, ಜೊತೆಗೆ ಒಂದನೇ ಗೇರೂ ಹೋಯಿತು. ಏರಿನಲ್ಲಿ ಅತಿ ಬೇಕಾದ ಗೇರು ಅದೇ ಅಲ್ವಾ?

ಇನ್ನು ಗೇರ್ ತಾನಾಗೇ ಬದಲಾಗುವ ದೂರು. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಸೈಕಲ್ ತೂಗುಹಾಕಿ, ಚೈನು ನಡುವಿನ ಗೇರಿನಲ್ಲಿಟ್ಟು, ಪೆಡಲ್ ತಿರುಗಿಸುತ್ತಾ ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಹೊರಳಿಸಬೇಕು. ಚೈನು ಹಾಕುವ ಮೊದಲೇ ನಾನು ಬರೀ ಡಿರೈಲರ್ ನೋಡುತ್ತಾ ಹೊರಳಿಸಿದೆ. ಹ್ಯಾಂಡಲ್ ತಿರುಗಿದ ಹಾಗೆಲ್ಲ ಡಿರೈಲರ್ ಕಣ್ಣಿಗೆ ಕಾಣುವಷ್ಟು ಅಲುಗಿತು. ಅಂದರೆ ವೈರಿನ ಹೊರ ಕವಚ, ನಾವು ಔಟರ್ ಅನ್ನುತ್ತೇವಲ್ಲ, ಅದು ಕುಗ್ಗಿ ಹಿಗ್ಗುತ್ತಿದೆ. ತುದಿ ಕತ್ತರಿಸಿ ನೋಡಿದಾಗ ಒಳಗೆ ಚಪ್ಪಟೆ ತಂತಿಯ ಸುರುಳಿ. ಅದು ಬ್ರೇಕಿನ ಔಟರ್. ಗೇರಿನ ಔಟರಿನಲ್ಲಿ ಸುರುಳಿ ಇರುವುದಿಲ್ಲ. ಸಣ್ಣ ಸಣ್ಣ ಉಕ್ಕಿನ ತಂತಿಗಳು ಉದ್ದಕ್ಕೆ ಒಂದರ ಪಕ್ಕ ಒಂದು ಕೂತಿರುತ್ತವೆ. ಅದಕ್ಕೇ ಅದು ಬಾಗಿದರೂ ಉದ್ದದಲ್ಲಿ ಕುಗ್ಗುವುದಿಲ್ಲ.

ಇಷ್ಟು ಸಣ್ಣದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಶಿಮಾನೋದ ಆರು ಸ್ಪೀಡಿನಲ್ಲಿ ಹಿಡಿಕೆಯ ಒಂದು ಕ್ಲಿಕ್ಕಿಗೆ ವೈರು ಎಳೆಯುವುದು ಸುಮಾರು 3.2 ಮಿ.ಮೀ. ಮಾತ್ರ. ಡಿರೈಲರ್ ಅದನ್ನು ಸುಮಾರು 1.7 ಪಟ್ಟು ಮಾಡಿ, ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಇರುವ 5.5 ಮಿ.ಮೀ. ದೂರ ಚೈನನ್ನು ಸರಿಸುತ್ತೆ. ಔಟರ್ ಒಂದು ಮಿ.ಮೀ. ಕುಗ್ಗಿದರೂ ಸಾಕು, ಚೈನು ಎರಡು ಪ್ಲೇಟಿನ ನಡುವೆ ತಡಕಾಡುತ್ತೆ. ಹಿಂದಿನ ಕಾಲದ ಗೇರ್ ಲಿವರುಗಳಲ್ಲಿ ಕ್ಲಿಕ್ ಇರಲಿಲ್ಲ. ಓಡಿಸುವವರೇ ಸದ್ದು ಕೇಳಿ ಲಿವರನ್ನು ಚೂರು ಆಚೆ ಈಚೆ ಮಾಡಿಕೊಳ್ಳುತ್ತಿದ್ದರು. 1984ರಲ್ಲಿ ಶಿಮಾನೋ ರೇಸ್ ಸೈಕಲ್ಲುಗಳ ತನ್ನ ಡ್ಯುರಾ ಏಸ್ ಗೇರ್ ಸೆಟ್ಟಿನಲ್ಲಿ ಎಸ್‌ಐಎಸ್ ಅಂತ ಕ್ಲಿಕ್ ವ್ಯವಸ್ಥೆ ತಂದಿತು. ಆಮೇಲೆ ಅದು ಎಲ್ಲಾ ಬೆಲೆಯ ಸೈಕಲ್ಲಿಗೂ ಬಂತು. ಓಡಿಸುವವರಿಗೆ ಬಹಳ ಸುಲಭವಾಯಿತು. ಆದರೆ ಅಂದಿನಿಂದ ವೈರು, ಔಟರ್, ಹ್ಯಾಂಗರ್ ಎಲ್ಲವೂ ಅಳತೆಗೆ ಸರಿಯಾಗಿ ಇರಲೇಬೇಕಾಯಿತು.

ಹಿಂದಿನ ಡಿರೈಲರಿಗೆ ಹೋಗುವ ಕೊನೆಯ ಗಿಡ್ಡ ಔಟರ್ ಇನ್ನೂ ಕೆಟ್ಟಿತ್ತು. ಮಳೆ ನೀರು, ಕೆಸರು ಎಲ್ಲಾ ಬಂದು ಸೇರುವುದು ಅಲ್ಲೇ. ವೈರನ್ನು ಹೊರಗೆ ಎಳೆದಾಗ ಆ ಭಾಗ ಕೆಂಪಗೆ ತುಕ್ಕು ಹಿಡಿದು, ಎರಡು ಎಳೆ ಬಿಚ್ಚಿಕೊಂಡಿತ್ತು. ದೊಡ್ಡ ಪ್ಲೇಟಿಗೆ ಬೇಗ ಹೋಗಿ, ಸಣ್ಣದಕ್ಕೆ ಇಳಿಯಲು ತಡ ಮಾಡಿದರೆ ಈ ಜಾಗವನ್ನೇ ಮೊದಲು ನೋಡಿ. ಏರಿಸುವಾಗ ಕೈ ಬಲ ಇರುತ್ತೆ. ಇಳಿಸುವಾಗ ಬರೀ ಸ್ಪ್ರಿಂಗಿನ ಬಲ, ತುಕ್ಕು ಹಿಡಿದ ವೈರನ್ನು ಎಳೆಯಲು ಅದಕ್ಕೆ ಆಗುವುದಿಲ್ಲ.

1.2 ಮಿ.ಮೀ.ನ ಹೊಸ ಗೇರ್ ವೈರು, ಗೇರಿನದೇ ಔಟರ್, ಎರಡೂ ತುದಿಗೆ ಕ್ಯಾಪ್ ಹಾಕಿದೆ. ಔಟರ್ ಕತ್ತರಿಸಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದರೆ ದಬ್ಬಣದಿಂದ ಅಗಲಿಸಬೇಕು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗೇರಿನ ಔಟರನ್ನು ಯಾವತ್ತೂ ಬ್ರೇಕಿಗೆ ಹಾಕಬೇಡಿ. ಬ್ರೇಕಿನ ಬಲಕ್ಕೆ ಅದರ ಉದ್ದ ತಂತಿಗಳು ಕವಚ ಹರಿದು ಹೊರಗೆ ಬರಬಹುದು. ಆಗ ಬ್ರೇಕೇ ಇರುವುದಿಲ್ಲ.

ಹೊಸ ಚೈನನ್ನು ಡಿರೈಲರಿನ ಒಳಗೆ ಹಾಯಿಸದೆ, 48ರ ಚೈನ್‌ವೀಲ್ ಮತ್ತು 28ರ ಪ್ಲೇಟಿನ ಮೇಲೆ ಸುತ್ತಿ, ತುದಿಗಳು ಸೇರುವ ಜಾಗಕ್ಕಿಂತ ಒಂದು ಇಂಚು, ಅಂದರೆ ಎರಡು ಕೊಂಡಿ ಜಾಸ್ತಿ ಬಿಟ್ಟು ತುಂಡು ಮಾಡಿದೆ. ಲೆಕ್ಕ ಮತ್ತೆ 108ಕ್ಕೇ ಬಂತು. ಈ ಸಲ ಚೈನಿನ ಜೊತೆ ಬಂದ, ಅದೇ ಅಗಲದ ಕ್ಲಿಪ್ ಇಲ್ಲದ ಲಾಕ್.

ಸ್ಕ್ರೂಡ್ರೈವರ್ ಕೈಗೆ ಬಂದದ್ದು ಈಗ. ವೈರು ಕಟ್ಟುವ ಮೊದಲು, ಚೈನು 14ರ ಮೇಲಿದ್ದಾಗ ಹೊರಗಿನ ಗಡಿಯ ಎಚ್ ಸ್ಕ್ರೂ ತಿರುಗಿಸಿ ಮೇಲಿನ ಪಲ್ಲಿಯನ್ನು ಆ ಪ್ಲೇಟಿನ ಹೊರ ಅಂಚಿನ ನೇರಕ್ಕೆ ತಂದೆ. ಆಮೇಲೆ ಡಿರೈಲರನ್ನು ಕೈಯಲ್ಲೇ ಒಳಕ್ಕೆ ಒತ್ತಿ 28ಕ್ಕೆ ಏರಿಸಿ, ಅದಕ್ಕಿಂತ ಒಳಗೆ ಹೋಗದ ಹಾಗೆ ಎಲ್ ಸ್ಕ್ರೂ ಕೂರಿಸಿದೆ. ಈ ಎರಡು ಸ್ಕ್ರೂಗಳು ಬರೀ ಗಡಿ ಕಲ್ಲುಗಳು, ನಡುವಿನ ಗೇರುಗಳಿಗೂ ಅವಕ್ಕೂ ಸಂಬಂಧವೇ ಇಲ್ಲ. ನಡುವಿನದನ್ನೆಲ್ಲ ನೋಡಿಕೊಳ್ಳುವುದು ವೈರು ಡಿರೈಲರಿಗೆ ಸೇರುವಲ್ಲಿ ಇರುವ, ಬೆರಳಲ್ಲಿ ತಿರುಗಿಸುವ ಅಡ್ಜಸ್ಟರ್. ಹಿಡಿಕೆಯನ್ನು 6ರಲ್ಲಿಟ್ಟು ವೈರು ಕಟ್ಟಿದೆ. ಒಂದು ಕ್ಲಿಕ್ ಕೊಟ್ಟಾಗ ಚೈನು 16ಕ್ಕೆ ಏರಲು ತಡ ಮಾಡಿದರೆ ಹಿಂದಿನಿಂದ ನೋಡುತ್ತಾ ಅಡ್ಜಸ್ಟರನ್ನು ಎಡಕ್ಕೆ ಅರ್ಧ ಸುತ್ತು, ಅದರಾಚೆಯ 18ರ ಪ್ಲೇಟಿಗೆ ಉಜ್ಜಿದರೆ ಬಲಕ್ಕೆ ಕಾಲು ಸುತ್ತು. ಹ್ಯಾಂಗರ್, ವೈರು ಸರಿಯಿದ್ದರೆ ಒಂದು ಗೇರಿಗೆ ಹೊಂದಿದ್ದು ಆರಕ್ಕೂ ಹೊಂದುತ್ತೆ. ಇಲ್ಲಿ ಹಾಗೇ ಆಯಿತು. ಮೊದಲ ಸಲ ಆರೂ ಗೇರು ತಡವರಿಸದೆ ಬಿದ್ದಾಗ ತುಂಬಾ ಖುಷಿಯಾಯಿತು. ಡಿರೈಲರಿನ ಹಿಂಬದಿಯ ಮೂರನೇ ಸ್ಕ್ರೂ ತಿರುಗಿಸಿ, 28ರಲ್ಲಿದ್ದಾಗ ಮೇಲಿನ ಪಲ್ಲಿಗೂ ಪ್ಲೇಟಿಗೂ ಐದಾರು ಮಿ.ಮೀ. ಜಾಗ ಬಿಟ್ಟೆ.

ಮುಂದಿನ ಡಿರೈಲರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದು ಸೊಟ್ಟಗೆ, ತುಂಬಾ ಮೇಲೆ ಕೂತಿತ್ತು. ತಗಡಿನ ಅಂಚು 48ರ ಹಲ್ಲಿಗಿಂತ ಎರಡು ಮಿ.ಮೀ. ಮೇಲಿರುವ ಹಾಗೆ, ಚೈನ್‌ವೀಲಿಗೆ ಸಮಾನವಾಗಿ ಕೂರಿಸಿ, ಎಲ್ ಸ್ಕ್ರೂ ಚೂರು ಒಳಗೆ ತಿರುಗಿಸಿದೆ. ಚೈನು ಒಳಗಡೆ ಬೀಳುವುದು ನಿಂತಿತು.

ಎಣ್ಣೆಯ ವಿಷಯ. "ತೆಂಗಿನೆಣ್ಣೆ ಹಾಕಿದರೆ ಆಗಲ್ವಾ?" ಅಂತ ಭಾವ ಕೇಳಿದರು. ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತೆ, ಮೈಸೂರಿನ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ಬೆಳ್ಳಗೆ ಹೆಪ್ಪುಗಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಹಳೇ ಎಂಜಿನ್ ಆಯಿಲ್ ಕೂಡ ಬೇಡ. ಅದರಲ್ಲಿ ಮೊದಲೇ ಕಬ್ಬಿಣದ ಪುಡಿ ಇರುತ್ತೆ, ಧೂಳನ್ನೂ ಎಳೆದುಕೊಳ್ಳುತ್ತೆ. ಚೈನ್ ಆಯಿಲ್ ಅಂತಲೇ ಸಿಗುವುದನ್ನು ಪ್ರತಿ ರೋಲರಿನ ಮೇಲೆ ಒಂದು ಹನಿ ಬಿಟ್ಟು, ಸ್ವಲ್ಪ ಹೊತ್ತು ಪೆಡಲ್ ತಿರುಗಿಸಿ, ಹೊರಗಿನದನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಬೇಕು. ಎಣ್ಣೆ ಬೇಕಿರುವುದು ಒಳಗೆ.

ಎಲ್ಲಾ ಸೇರಿ ಖರ್ಚು ಸಾವಿರ ರೂಪಾಯಿಯ ಆಸುಪಾಸು. ತೂಗುಹಾಕಿದಾಗ ಚೆನ್ನಾಗಿ ಬಿದ್ದ ಗೇರು ರಸ್ತೆಯಲ್ಲೂ ಹಾಗೇ ಬೀಳುತ್ತೆ ಅಂತ ಹೇಳಲಾಗದು, ತುಳಿತದ ಭಾರ ಬಿದ್ದಾಗಲೇ ಜಾರುವುದು ಗೊತ್ತಾಗುವುದು. ಚಾಮುಂಡಿ ಬೆಟ್ಟದ ರಸ್ತೆಯ ಮೊದಲ ಏರಿನಲ್ಲಿ ಎದ್ದು ನಿಂತು ತುಳಿದು ನೋಡಿದೆ. 16ರಲ್ಲೂ 18ರಲ್ಲೂ ಜಾರಲಿಲ್ಲ. ಹೊಸ ಔಟರ್ ಕ್ಯಾಪಿನೊಳಗೆ ಸರಿಯಾಗಿ ಕೂರುವಷ್ಟರಲ್ಲಿ ವೈರು ಚೂರು ಸಡಿಲವಾಗುತ್ತೆ. ಒಂದು ವಾರದ ನಂತರ ಅಡ್ಜಸ್ಟರನ್ನು ಅರ್ಧ ಸುತ್ತು ಬಿಗಿ ಮಾಡಬೇಕಾಯಿತು. ಭಾವನಿಗೆ ಹೇಳಿದ್ದು ಒಂದೇ: ಮುಂದೆ 48 ಇದ್ದಾಗ ಹಿಂದೆ 28 ಬೇಡ, ಮುಂದೆ 28 ಇದ್ದಾಗ ಹಿಂದೆ 14 ಬೇಡ. ಎರಡರಲ್ಲೂ ಚೈನು ಓರೆಯಾಗಿ ಓಡಿ ಬೇಗ ಸವೆಯುತ್ತೆ. 38ರ ಚೈನ್‌ವೀಲಿನ ಹಲ್ಲುಗಳೂ ಸ್ವಲ್ಪ ಸವೆದಿವೆ. ಹೊಸ ಚೈನು ಸದ್ಯಕ್ಕೆ ಅದರ ಮೇಲೆ ಸರಿಯಾಗಿಯೇ ಕೂರುತ್ತಿದೆ. ಆ ಸ್ಟೀಲ್ ಸ್ಕೇಲನ್ನು ಅವರ ಮನೆಯಲ್ಲೇ ಬಿಟ್ಟು, 24 ಕೊಂಡಿ ಎಣಿಸಿ ಅಳೆಯುವುದನ್ನು ತೋರಿಸಿಕೊಟ್ಟು ಬಂದಿದ್ದೇನೆ. 1/16 ಇಂಚು ದಾಟಿದ ದಿನ ಚೈನು ಬದಲಾಯಿಸಿದರೆ ಈ ಫ್ರೀವೀಲ್ ಇನ್ನೂ ಒಂದೆರಡು ಚೈನಿಗೆ ಬಾಳಿಕೆ ಬರುತ್ತೆ.